ನಾಯಕಿ ದಾದಿಯಾದಾಗ

ಕಲಾವಿದರ ಜೀವನಚರಿತ್ರೆಗಳನ್ನು ಬರೆಯುವವರಲ್ಲಿ ಒಂದು ರೂಢಿ ಬೆಳೆದುಬಂದಿದೆ. ಬಾಲ್ಯದ ಬಡತನ, ಕಷ್ಟದ ದಿನಗಳು, ಮೊದಲ ಯಶಸ್ಸು, ಕೀರ್ತಿಯ ಶಿಖರ, ಇಷ್ಟನ್ನು ವಿಸ್ತಾರವಾಗಿ ಬರೆಯುತ್ತಾರೆ. ಅನಂತರದ ಮೂವತ್ತು ನಲವತ್ತು ವರ್ಷಗಳನ್ನು ‘ಕೊನೆಗಾಲದಲ್ಲಿ ಚಿಕ್ಕಪುಟ್ಟ ಪಾತ್ರಗಳನ್ನು ವಹಿಸಿದರು’ ಎಂಬ ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ಮನುಷ್ಯನ ಬದುಕೆಂದರೆ ಬೆಟ್ಟ ಹತ್ತುವುದು ಮಾತ್ರವೇ, ಇಳಿಯುವುದು ಬದುಕಲ್ಲವೇ ಎಂಬ ಪ್ರಶ್ನೆ ಇಂಥ ಬರಹಗಳನ್ನು ಓದುವಾಗಲೆಲ್ಲ ನನ್ನನ್ನು ಕಾಡುತ್ತದೆ. ಆಸ್ಟ್ರೇಲಿಯಾದಲ್ಲಿ ಹುಟ್ಟಿ, ಅಮೆರಿಕದ ರಂಗಭೂಮಿಯಲ್ಲಿ ಬೆಳಗಿದ ಜುಡಿತ್ ಆಂಡರ್ಸನ್ ಎಂಬ ಮಹಾನಟಿಯ ಬದುಕು ಈ ಪ್ರಶ್ನೆಗೆ ಒಂದು ಉತ್ತರವನ್ನು ಕೊಡುತ್ತದೆಂದು ನಾನು ಭಾವಿಸಿದ್ದೇನೆ.

ಆಕೆಯ ಹೆಸರು ಕೇಳಿದೊಡನೆ ಹಳೆಯ ಇಂಗ್ಲಿಷ್ ಚಿತ್ರಗಳನ್ನು ಬಲ್ಲವರು ‘ರೆಬೆಕಾ’ ಚಿತ್ರವನ್ನು ನೆನೆಯುತ್ತಾರೆ. ನಾಟಕದ ಅಭ್ಯಾಸಿಗಳು 1947ರ ‘ಮೆಡೀಯಾ’ ನಾಟಕವನ್ನು ನೆನೆಯುತ್ತಾರೆ. ಎರಡೂ ಸರಿಯೇ. ಆದರೆ ಆಕೆಯ ಕಲಾಜೀವನದ ನಿಜವಾದ ಶಿಖರ ಇವೆರಡೂ ಅಲ್ಲವೆಂಬುದು ನನ್ನ ಅಭಿಪ್ರಾಯ. ಅದು 1982ರಲ್ಲಿ, ಆಕೆಗೆ 85 ವರ್ಷ ವಯಸ್ಸಾಗಿದ್ದಾಗ, ತಾವೇ ನಾಯಕಿಯಾಗಿ ಮೆರೆದಿದ್ದ ಅದೇ ನಾಟಕದಲ್ಲಿ ಮುದಿ ದಾದಿಯ ಪಾತ್ರವನ್ನು ವಹಿಸಿ ನ್ಯೂಯಾರ್ಕಿನ ರಂಗದ ಮೇಲೆ ನಿಂತ ಗಳಿಗೆ. ಹೀಗೇಕೆ ಹೇಳುತ್ತಿದ್ದೇನೆಂಬುದನ್ನು ಓದುಗ ಮಿತ್ರರಿಗೆ ವಿವರಿಸಬೇಕಾದರೆ ಕಥೆಯನ್ನು ಮೊದಲಿನಿಂದ ಹೇಳಬೇಕು.

ಜುಡಿತ್ ಹುಟ್ಟಿದ್ದು 1897ರ ಫೆಬ್ರವರಿ 10ರಂದು, ದಕ್ಷಿಣ ಆಸ್ಟ್ರೇಲಿಯಾದ ಅಡಿಲೇಡ್ ನಗರದಲ್ಲಿ. ತಂದೆತಾಯಿ ಇಟ್ಟ ಹೆಸರು ಫ್ರಾನ್ಸಿಸ್ ಮಾರ್ಗರೆಟ್. ಮಗು ಚಿಕ್ಕದಾಗಿರುವಾಗಲೇ ತಂದೆ ಸಂಸಾರವನ್ನು ತೊರೆದು ಹೋದರು. ತಾಯಿ ಒಂದು ದಿನಸಿ ಅಂಗಡಿಯನ್ನು ನಡೆಸಿ ಮಕ್ಕಳನ್ನು ಸಾಕಿದರು. ಅಂಥ ಮನೆಯ ಹುಡುಗಿಗೆ ನಾಟಕದ ಗೀಳು ಹಿಡಿದದ್ದು ಸೋಜಿಗವೇ ಸರಿ. ಸ್ಪಷ್ಟವಾಗಿ ಮಾತನಾಡುವ, ಪದ್ಯಗಳನ್ನು ಭಾವಪೂರ್ಣವಾಗಿ ವಾಚಿಸುವ ಶಿಕ್ಷಣವನ್ನು ಪಡೆದ ಆಕೆ, 1915ರಲ್ಲಿ ಹದಿನೆಂಟರ ಹರೆಯದಲ್ಲಿ ಸಿಡ್ನಿ ನಗರದಲ್ಲಿ ವೃತ್ತಿರಂಗಭೂಮಿಯನ್ನು ಪ್ರವೇಶಿಸಿದರು. ಆಕೆಯ ಧ್ವನಿಯನ್ನು ಮೆಚ್ಚಿದವರು ಮುಂದೆ ಲಕ್ಷಾಂತರ ಜನ. ಆ ಧ್ವನಿಯ ತಳಪಾಯ ಬಿದ್ದದ್ದು ಅಡಿಲೇಡಿನ ಆ ವಾಚನದ ಪಾಠಗಳಲ್ಲಿ ಎಂಬುದನ್ನು ಒಬ್ಬ ಉಪಾಧ್ಯಾಯನಾಗಿ ನಾನು ಸಂತೋಷದಿಂದ ಗುರುತಿಸುತ್ತೇನೆ.

ಆ ಕಾಲದ ಆಸ್ಟ್ರೇಲಿಯಾದಲ್ಲಿ ನಟನೆಯನ್ನು ನಂಬಿ ಬದುಕಬಯಸುವವರು ಕಡಲು ದಾಟಲೇಬೇಕಾಗಿತ್ತು. ಹೆಚ್ಚಿನವರು ಲಂಡನ್ನಿಗೆ ಹೋಗುತ್ತಿದ್ದರು. ಜುಡಿತ್ 1918ರಲ್ಲಿ ಅಮೆರಿಕದ ಹಡಗು ಹತ್ತಿದರು. ಮೊದಲು ಕ್ಯಾಲಿಫೋರ್ನಿಯಾದಲ್ಲಿ ಪ್ರಯತ್ನಿಸಿದರು. ಅಲ್ಲಿ ಯಾರೂ ಕೇಳುವವರಿಲ್ಲ. ಬಳಿಕ ನ್ಯೂಯಾರ್ಕಿಗೆ ಹೋದರು. ಅಲ್ಲಿಯೂ ಬಾಗಿಲುಗಳು ತಕ್ಷಣ ತೆರೆಯಲಿಲ್ಲ. ಆಗಿನ ಚಲನಚಿತ್ರಗಳಿಗೆ ಬೇಕಾಗಿದ್ದುದು ದುಂಡುಮುಖದ ಸುಂದರಿಯರು. ಜುಡಿತ್ ಅವರದು ಚೂಪಾದ ಮೂಗು, ತೀಕ್ಷ್ಣವಾದ ಕಣ್ಣು, ಕುಳ್ಳು ದೇಹ. ಸಣ್ಣ ಕಂಪನಿಗಳಲ್ಲಿ, ಊರೂರು ತಿರುಗುವ ತಂಡಗಳಲ್ಲಿ ದುಡಿದು ಹಲವು ವರ್ಷಗಳನ್ನು ಕಳೆದ ಮೇಲೆ, 1924ರಲ್ಲಿ ‘ಕೋಬ್ರಾ’ ಎಂಬ ನಾಟಕದಲ್ಲಿ ಆಕೆಗೆ ಹೆಸರು ಬಂತು. ಅಷ್ಟರಲ್ಲಿ ಫ್ರಾನ್ಸಿಸ್ ಎಂಬ ಹೆಸರು ಹೋಗಿ ಜುಡಿತ್ ಎಂಬ ಹೆಸರು ಬಂದಿತ್ತು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಯೂಜಿನ್ ಓನೀಲ್ ಅಮೆರಿಕದ ಶ್ರೇಷ್ಠ ನಾಟಕಕಾರ. 1936ರಲ್ಲಿ ನೊಬೆಲ್ ಪುರಸ್ಕಾರ ಪಡೆದವರು. ಅವರ ‘ಸ್ಟ್ರೇಂಜ್ ಇಂಟರ್‌ಲೂಡ್’ ಮತ್ತು ‘ಮೋರ್ನಿಂಗ್ ಬಿಕಮ್ಸ್ ಎಲೆಕ್ಟ್ರಾ’ ಎಂಬ ಎರಡು ದೊಡ್ಡ ನಾಟಕಗಳಲ್ಲಿ ಜುಡಿತ್ ಮುಖ್ಯಪಾತ್ರಗಳನ್ನು ವಹಿಸಿದರು. ಆದರೆ ಎರಡರಲ್ಲಿಯೂ ಆಕೆ ಮೊದಲಿಗರಲ್ಲ. ಮೊದಲನೆಯದರಲ್ಲಿ ಲಿನ್ ಫಾಂಟಾನ್, ಎರಡನೆಯದರಲ್ಲಿ ಆಲಿಸ್ ಬ್ರಾಡಿ ಆ ಪಾತ್ರಗಳನ್ನು ಆಡಿ ಹೆಸರು ಮಾಡಿದ್ದರು. ಇನ್ನೊಬ್ಬರು ಬಿಟ್ಟುಹೋದ ಪಾತ್ರದೊಳಕ್ಕೆ ಹೊಕ್ಕು ಅದನ್ನು ತನ್ನದಾಗಿಸಿಕೊಳ್ಳುವುದು ಸುಲಭದ ಕೆಲಸವಲ್ಲ. ನೋಡುವವರ ಕಣ್ಣಿನಲ್ಲಿ ಹಿಂದಿನವರ ಬಿಂಬ ಇದ್ದೇ ಇರುತ್ತದೆ. ಪಾತ್ರವೆಂಬುದು ಯಾರ ಸ್ವಂತ ಆಸ್ತಿಯೂ ಅಲ್ಲ, ಅದು ಕೈಯಿಂದ ಕೈಗೆ ದಾಟುವಂಥದು ಎಂಬ ಪಾಠವನ್ನು ಆಕೆ ತನ್ನ ಮೂವತ್ತರ ಹರೆಯದಲ್ಲಿಯೇ, ಪಡೆಯುವವಳ ಸ್ಥಾನದಲ್ಲಿ ನಿಂತು, ಕಲಿತಿರಬೇಕು.

1936ರಲ್ಲಿ ಜಾನ್ ಗೀಲ್ಗುಡ್ ಅವರ ಹ್ಯಾಮ್ಲೆಟ್‌ಗೆ ತಾಯಿ ಗರ್‌ಟ್ರೂಡ್ ಆಗಿ, 1937ರಲ್ಲಿ ಲಂಡನ್ನಿನ ಓಲ್ಡ್ ವಿಕ್ ತಂಡದಲ್ಲಿ ಲಾರೆನ್ಸ್ ಒಲಿವಿಯರ್ ಅವರ ಮ್ಯಾಕ್‌ಬೆತ್‌ಗೆ ಹೆಂಡತಿಯಾಗಿ ಜುಡಿತ್ ಅಭಿನಯಿಸಿದರು. ಲೇಡಿ ಮ್ಯಾಕ್‌ಬೆತ್ ಪಾತ್ರ ಆಕೆಯ ಜೊತೆಗೆ ಬಹುಕಾಲ ಉಳಿಯಿತು. ದೂರದರ್ಶನಕ್ಕಾಗಿ 1954ರಲ್ಲಿ ಒಮ್ಮೆ, 1960ರಲ್ಲಿ ಇನ್ನೊಮ್ಮೆ ಅದೇ ಪಾತ್ರವನ್ನು ಮಾಡಿ, ಎರಡು ಸಲವೂ ಎಮ್ಮಿ ಪ್ರಶಸ್ತಿಯನ್ನು ಪಡೆದರು.

ಇನ್ನು ‘ರೆಬೆಕಾ’. ಡಾಫ್ನೆ ಡು ಮೊರಿಯೆ ಅವರ 1938ರ ಕಾದಂಬರಿಯನ್ನು ಆಲ್‌ಫ್ರೆಡ್ ಹಿಚ್‌ಕಾಕ್ 1940ರಲ್ಲಿ ಚಲನಚಿತ್ರವಾಗಿಸಿದರು. ಆ ವರ್ಷದ ಅತ್ಯುತ್ತಮ ಚಿತ್ರವೆಂದು ಅದಕ್ಕೆ ಆಸ್ಕರ್ ಬಂತು. ಮ್ಯಾಂಡರ್ಲಿ ಎಂಬ ಭಾರಿ ಬಂಗಲೆಯ ಯಜಮಾನನನ್ನು ಎರಡನೆಯ ಹೆಂಡತಿಯಾಗಿ ಮದುವೆಯಾಗಿ ಬರುವ ಮುಗ್ಧ ಹುಡುಗಿಯ ಕಥೆ ಅದು. ತೀರಿಹೋದ ಮೊದಲ ಹೆಂಡತಿ ರೆಬೆಕಾ ಚಿತ್ರದಲ್ಲಿ ಒಮ್ಮೆಯೂ ಕಾಣಿಸಿಕೊಳ್ಳುವುದಿಲ್ಲ. ಎರಡನೆಯ ಹೆಂಡತಿಗೆ ಕಥೆಗಾರ್ತಿ ಹೆಸರನ್ನೇ ಇಟ್ಟಿಲ್ಲ. ಇವರಿಬ್ಬರ ನಡುವೆ ಮನೆವಾರ್ತೆಯನ್ನು ನೋಡಿಕೊಳ್ಳುವ ಮಿಸೆಸ್ ಡ್ಯಾನ್ವರ್ಸ್ ಎಂಬ ಹೆಂಗಸು ನಿಂತಿದ್ದಾಳೆ. ಸತ್ತ ಒಡತಿಯ ಮೇಲಿನ ಮೋಹದಿಂದ ಬದುಕಿರುವ ಒಡತಿಯನ್ನು ಹುರಿದು ಮುಕ್ಕುವ ಈ ಪಾತ್ರ ಜುಡಿತ್ ಅವರದು.

ಆಕೆ ನಡೆದು ಬರುವುದನ್ನು ಹಿಚ್‌ಕಾಕ್ ಹೆಚ್ಚಾಗಿ ತೋರಿಸುವುದೇ ಇಲ್ಲ. ಹುಡುಗಿ ತಿರುಗಿ ನೋಡಿದರೆ ಆಕೆ ಅಲ್ಲಿದ್ದಾಳೆ, ಅಷ್ಟೆ. ಕಪ್ಪು ಉಡುಪು, ಮುಂದಕ್ಕೆ ಜೋಡಿಸಿಟ್ಟ ಕೈಗಳು, ಏರಿಳಿತವಿಲ್ಲದ ತಣ್ಣನೆಯ ದನಿ. ಒಂದು ಸಲವೂ ಕೂಗಾಡದೆ, ಕೈಯೆತ್ತದೆ, ಭಯವನ್ನು ಹುಟ್ಟಿಸುವುದು ಹೇಗೆಂಬುದನ್ನು ಕಲಿಯಬಯಸುವವರು ಆ ಚಿತ್ರವನ್ನು ಇಂದಿಗೂ ನೋಡಬಹುದು. ರೆಬೆಕಾಳ ಮಲಗುವ ಕೋಣೆಯಲ್ಲಿ ಅವಳ ಬಟ್ಟೆಗಳನ್ನು ಒಂದೊಂದಾಗಿ ತೋರಿಸುವ ದೃಶ್ಯದಲ್ಲಿ ಒಬ್ಬ ಸೇವಕಿಯ ಭಕ್ತಿ, ವಿರಹ, ಹುಚ್ಚು ಮೂರೂ ಒಟ್ಟಿಗೆ ಕಾಣುತ್ತವೆ. ಪೋಷಕನಟಿಯ ವಿಭಾಗದಲ್ಲಿ ಆಕೆಯ ಹೆಸರು ಆಸ್ಕರ್‌ಗೆ ಸೂಚಿತವಾಯಿತು, ಪ್ರಶಸ್ತಿ ಬರಲಿಲ್ಲ. ಹಿಂದಿ ಚಿತ್ರಗಳನ್ನು ಬಲ್ಲ ಹಿರಿಯ ಓದುಗರು 1964ರ ‘ಕೊಹ್ರಾ’ ಚಿತ್ರವನ್ನು ನೋಡಿರಬಹುದು. ಅದರ ಮೂಲ ಇದೇ ಕಥೆ. ಡ್ಯಾನ್ವರ್ಸ್‌ಗೆ ಸಮನಾದ ‘ದಾಯಿ ಮಾ’ ಪಾತ್ರವನ್ನು ಅಲ್ಲಿ ಲಲಿತಾ ಪವಾರ್ ವಹಿಸಿದ್ದರು. ಆ ಪಾತ್ರದ ಬಲ ಎಂಥದೆಂಬುದು ಅಷ್ಟರಿಂದಲೇ ಊಹೆಗೆ ನಿಲುಕುತ್ತದೆ.

ಈ ಯಶಸ್ಸು ಆಕೆಗೆ ಒಂದು ಬೇಲಿಯೂ ಆಯಿತು. ಅನಂತರದ ಚಿತ್ರಗಳಲ್ಲಿ ಹಾಲಿವುಡ್ ಆಕೆಗೆ ಹೆಚ್ಚಾಗಿ ಕೊಟ್ಟದ್ದು ಕಠಿಣ ಹೃದಯದ ಹೆಂಗಸರ ಪಾತ್ರಗಳನ್ನು. ‘ಲಾರಾ’ (1944), ‘ಅಂಡ್ ದೆನ್ ದೇರ್ ವರ್ ನನ್’ (1945), ‘ದ ಟೆನ್ ಕಮಾಂಡ್‌ಮೆಂಟ್ಸ್’ (1956) ಮೊದಲಾದವುಗಳಲ್ಲಿ ಆಕೆ ಕಾಣಿಸಿಕೊಂಡರು. ‘ಕ್ಯಾಟ್ ಆನ್ ಎ ಹಾಟ್ ಟಿನ್ ರೂಫ್’ (1958) ಚಿತ್ರದಲ್ಲಿ ಮಾತ್ರ ಗಂಡನಿಂದ ತಿರಸ್ಕೃತಳಾದ ಬಾಯಿಬಡುಕ ತಾಯಿಯಾಗಿ, ನೋಡುವವರ ಕರುಣೆಯನ್ನು ಗಳಿಸಿದರು. ಒಟ್ಟಿನಲ್ಲಿ ಸಿನಿಮಾ ಆಕೆಯ ಸಾಮರ್ಥ್ಯದ ಒಂದು ಮೂಲೆಯನ್ನಷ್ಟೇ ಬಳಸಿಕೊಂಡಿತೆಂದು ನನಗನ್ನಿಸುತ್ತದೆ. ಮಿಕ್ಕದ್ದು ರಂಗಭೂಮಿಗೆ ಮೀಸಲಾಗಿತ್ತು.

‘ಮೆಡೀಯಾ’ ಪ್ರಾಚೀನ ಗ್ರೀಕ್ ಕವಿ ಯೂರಿಪಿಡೀಸನ ರುದ್ರನಾಟಕ. ಕ್ರಿಸ್ತಪೂರ್ವ 431ರಲ್ಲಿ ಅಥೆನ್ಸಿನಲ್ಲಿ ಮೊದಲ ಬಾರಿಗೆ ಪ್ರಯೋಗಗೊಂಡಿತು. ಬಿ.ಎಂ. ಶ್ರೀಕಂಠಯ್ಯನವರು ‘ಅಶ್ವತ್ಥಾಮನ್’ ಮತ್ತು ‘ಪಾರಸಿಕರು’ ಕೃತಿಗಳ ಮೂಲಕ ಗ್ರೀಕ್ ರುದ್ರನಾಟಕದ ಗಾಂಭೀರ್ಯವನ್ನು ಕನ್ನಡಕ್ಕೆ ಪರಿಚಯಿಸಿದ್ದಾರೆ. ಅವನ್ನು ಓದಿದವರಿಗೆ ಈ ಲೋಕ ಹೊಸದಲ್ಲ. ಮೆಡೀಯಾ ಕಾಲ್ಕಿಸ್ ದೇಶದ ರಾಜಪುತ್ರಿ, ಮಂತ್ರವಿದ್ಯೆಯನ್ನು ಬಲ್ಲವಳು. ಚಿನ್ನದ ಉಣ್ಣೆಯನ್ನು ಅರಸಿ ಬಂದ ಜೇಸನ್‌ಗೆ ಮನಸೋತು, ತಂದೆಗೆ ದ್ರೋಹ ಬಗೆದು, ತಮ್ಮನನ್ನು ಕೊಂದು, ಅವನೊಡನೆ ಓಡಿಬಂದವಳು. ಕೊರಿಂತ್ ನಗರದಲ್ಲಿ ಇಬ್ಬರು ಗಂಡುಮಕ್ಕಳೊಂದಿಗೆ ನೆಲೆನಿಂತಿರುವಾಗ ಜೇಸನ್ ಅವಳನ್ನು ಬಿಟ್ಟು ಆ ಊರಿನ ದೊರೆಯ ಮಗಳನ್ನು ಮದುವೆಯಾಗುತ್ತಾನೆ. ದೊರೆ ಅವಳನ್ನು ಗಡೀಪಾರು ಮಾಡುತ್ತಾನೆ. ಪರದೇಶದಲ್ಲಿ ದಿಕ್ಕಿಲ್ಲದವಳಾದ ಮೆಡೀಯಾ ಮದುಮಗಳನ್ನು ವಿಷ ಸವರಿದ ಉಡುಗೊರೆಯಿಂದ ಕೊಲ್ಲುತ್ತಾಳೆ. ಕೊನೆಗೆ ಗಂಡನ ವಂಶವನ್ನೇ ಅಳಿಸಲು ತನ್ನ ಇಬ್ಬರು ಮಕ್ಕಳನ್ನು ತಾನೇ ಕೊಲ್ಲುತ್ತಾಳೆ.

ಈ ನಾಟಕವನ್ನು ಕ್ಯಾಲಿಫೋರ್ನಿಯಾದ ಕವಿ ರಾಬಿನ್ಸನ್ ಜೆಫರ್ಸ್ ಇಂಗ್ಲಿಷಿಗೆ ಸ್ವತಂತ್ರವಾಗಿ ರೂಪಾಂತರಿಸಿದ್ದು ಜುಡಿತ್ ಅವರಿಗಾಗಿಯೇ. 1947ರ ಅಕ್ಟೋಬರ್ 20ರಂದು ಅದು ನ್ಯೂಯಾರ್ಕಿನಲ್ಲಿ ರಂಗವೇರಿತು. ನಿರ್ದೇಶಕ ಜಾನ್ ಗೀಲ್ಗುಡ್. ಜೇಸನ್ ಪಾತ್ರವೂ ಅವರದೇ. ನಿರ್ಮಾಪಕರಲ್ಲಿ ಒಬ್ಬರು ರಾಬರ್ಟ್ ವೈಟ್‌ಹೆಡ್ ಎಂಬ ತರುಣ. ಆಗ ಜುಡಿತ್ ಅವರಿಗೆ ವಯಸ್ಸು ಐವತ್ತು. ನಾಟಕ 214 ಪ್ರದರ್ಶನಗಳನ್ನು ಕಂಡಿತು. ಆಕೆಗೆ 1948ರ ಟೋನಿ ಪ್ರಶಸ್ತಿ ಬಂತು. ಆ ವರ್ಷ ಅದನ್ನು ಕ್ಯಾಥರೀನ್ ಕಾರ್ನೆಲ್ ಮತ್ತು ಜೆಸ್ಸಿಕಾ ಟ್ಯಾಂಡಿ ಅವರೊಂದಿಗೆ ಹಂಚಿಕೊಂಡರು. ಮೆಡೀಯಾ ಎಂದರೆ ಜುಡಿತ್ ಆಂಡರ್ಸನ್, ಜುಡಿತ್ ಆಂಡರ್ಸನ್ ಎಂದರೆ ಮೆಡೀಯಾ ಎಂಬಷ್ಟು ಆ ಹೆಸರುಗಳು ಬೆಸೆದುಕೊಂಡವು.

1955ರಲ್ಲಿ ಆಕೆ ಈ ನಾಟಕದೊಂದಿಗೆ ತಾಯ್ನಾಡಿಗೆ ಮರಳಿದರು. ಎಲಿಜಬೆತನ್ ಥಿಯೇಟರ್ ಟ್ರಸ್ಟ್ ಎಂಬ ಸಂಸ್ಥೆ ಆಗತಾನೆ ಆಸ್ಟ್ರೇಲಿಯಾದಲ್ಲಿ ಸ್ವಂತ ರಂಗಭೂಮಿಯನ್ನು ಕಟ್ಟಲು ಹೊರಟಿತ್ತು. ಅದರ ಆಶ್ರಯದಲ್ಲಿ ‘ಮೆಡೀಯಾ’ ಅಲ್ಲಿನ ಊರುಗಳಲ್ಲಿ ಸಂಚರಿಸಿತು. ಆ ತಂಡದಲ್ಲಿ ಸಣ್ಣದೊಂದು ಪಾತ್ರಕ್ಕೆ ಆಯ್ಕೆಯಾಗಿದ್ದವಳು ಮೆಲ್ಬರ್ನಿನ ಇಪ್ಪತ್ತೆರಡು ವರ್ಷದ ಹುಡುಗಿ, ಝೋಯಿ ಕಾಲ್ಡ್‌ವೆಲ್. ಒಂದೊಂದು ಸಂಜೆಯೂ ಮಹಾನಟಿಯ ಸಮೀಪದಲ್ಲಿ ನಿಂತು, ಆ ಧ್ವನಿ ಏರುವುದನ್ನೂ ಇಳಿಯುವುದನ್ನೂ ಕೇಳುವ ಅವಕಾಶ ಆ ಹುಡುಗಿಗೆ ಸಿಕ್ಕಿತು. ಪಾಠಶಾಲೆಗಳಲ್ಲಿ ಕೊಡಲಾಗದ ಶಿಕ್ಷಣ ಅದು.

ಆ ಹುಡುಗಿಯೂ ಕಡಲು ದಾಟಿದಳು. ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್‌ನಲ್ಲಿ 1959ರಲ್ಲಿ ಚಾರ್ಲ್ಸ್ ಲಾಟನ್ ಅವರ ಲಿಯರ್ ದೊರೆಗೆ ಕಾರ್ಡೀಲಿಯ ಆದಳು. ಅಮೆರಿಕಕ್ಕೆ ಬಂದು 1966ರಲ್ಲಿ ಒಂದು, 1968ರಲ್ಲಿ ‘ದ ಪ್ರೈಮ್ ಆಫ್ ಮಿಸ್ ಜೀನ್ ಬ್ರೋಡಿ’ ನಾಟಕದ ಉಪಾಧ್ಯಾಯಿನಿಯ ಪಾತ್ರಕ್ಕಾಗಿ ಇನ್ನೊಂದು ಟೋನಿ ಪ್ರಶಸ್ತಿಯನ್ನು ಪಡೆದು, ದೊಡ್ಡ ನಟಿಯೆನಿಸಿದಳು. 1968ರಲ್ಲಿಯೇ ರಾಬರ್ಟ್ ವೈಟ್‌ಹೆಡ್ ಅವರನ್ನು ವಿವಾಹವಾದಳು. 1947ರ ‘ಮೆಡೀಯಾ’ ನಾಟಕವನ್ನು ನಿರ್ಮಿಸಿದ ಅದೇ ವೈಟ್‌ಹೆಡ್.

ಈ ನಡುವೆ ಜುಡಿತ್ ಸುಮ್ಮನೆ ಕುಳಿತಿರಲಿಲ್ಲ. 1960ರಲ್ಲಿ ಬ್ರಿಟಿಷ್ ಸರ್ಕಾರದ ‘ಡೇಮ್’ ಗೌರವ ದೊರೆತಿತ್ತು. 1970ರಲ್ಲಿ, 73ನೆಯ ವಯಸ್ಸಿನಲ್ಲಿ, ಆಕೆ ಒಂದು ಸಾಹಸಕ್ಕೆ ಕೈಹಾಕಿದರು. ಸಾಕ್ಷಾತ್ ಹ್ಯಾಮ್ಲೆಟ್ ರಾಜಕುಮಾರನ ಪಾತ್ರವನ್ನೇ ತಾವು ವಹಿಸಿ ಅಮೆರಿಕದಲ್ಲಿ ಪ್ರವಾಸ ಹೊರಟರು. ಹೆಂಗಸರು ಹ್ಯಾಮ್ಲೆಟ್ ಆಡುವುದು ಹೊಸದೇನಲ್ಲ. ಫ್ರಾನ್ಸಿನ ಸಾರಾ ಬರ್ನ್‌ಹಾರ್ಟ್ 1899ರಲ್ಲಿಯೇ ಆಡಿದ್ದರು. ಆದರೆ ಮುಪ್ಪಿನ ಹೆಂಗಸು ತರುಣ ರಾಜಕುಮಾರನಾಗುವುದನ್ನು ವಿಮರ್ಶಕರು ಮೆಚ್ಚಲಿಲ್ಲ. ನನಗೆ ಆ ಸಾಹಸದ ಬಗ್ಗೆ ಗೌರವವಿದೆ. ಜಗತ್ತಿನ ಅತಿ ದೊಡ್ಡ ಪಾತ್ರವನ್ನು ಒಮ್ಮೆ ಮುಟ್ಟಿ ನೋಡಬೇಕೆಂಬ ಆಸೆ ಯಾವ ಕಲಾವಿದರಿಗೆ ಇರುವುದಿಲ್ಲ? ಆದರೂ ಎತ್ತರಕ್ಕೆ, ಇನ್ನೂ ಎತ್ತರಕ್ಕೆ ಹೋಗಬೇಕೆಂಬ ಹಂಬಲದ ಕೊನೆಯ ಮೆಟ್ಟಿಲು ಅದು. ಅಲ್ಲಿಂದ ಮುಂದೆ ಏರಲು ಏನೂ ಉಳಿದಿರಲಿಲ್ಲ.

ಹನ್ನೆರಡು ವರ್ಷಗಳ ಮೇಲೆ ವೈಟ್‌ಹೆಡ್ ‘ಮೆಡೀಯಾ’ ನಾಟಕವನ್ನು ಮತ್ತೆ ಎತ್ತಿಕೊಂಡರು. ಜೆಫರ್ಸರ ಅದೇ ರೂಪಾಂತರ. ಈ ಸಲ ನಿರ್ದೇಶನ ಅವರದೇ, ನಾಯಕಿ ಅವರ ಪತ್ನಿ ಝೋಯಿ ಕಾಲ್ಡ್‌ವೆಲ್. ಮೆಡೀಯಾಳ ದಾದಿಯಾಗಿ ಜುಡಿತ್ ಆಂಡರ್ಸನ್. 1982ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಕೋರ್ಟ್ ಥಿಯೇಟರಿನಲ್ಲಿ ನಾಟಕ ಆರಂಭವಾಯಿತು. ಈಗ ಆ ರಂಗಮಂದಿರಕ್ಕೆ ಜೇಮ್ಸ್ ಅರ್ಲ್ ಜೋನ್ಸ್ ಅವರ ಹೆಸರಿದೆ. ಇಪ್ಪತ್ತೇಳು ವರ್ಷಗಳ ಹಿಂದೆ ತನ್ನ ಪಕ್ಕದಲ್ಲಿ ಸಣ್ಣ ಪಾತ್ರಕ್ಕೆ ನಿಂತಿದ್ದ ಹುಡುಗಿ ಈಗ ನಡುರಂಗದಲ್ಲಿ. ನಡುರಂಗದಲ್ಲಿದ್ದವರು ಈಗ ಬಾಗಿಲ ಬಳಿ.

ಈ ನಾಟಕದಲ್ಲಿ ಮೊದಲ ಮಾತು ದಾದಿಯದು ಎಂಬುದನ್ನು ನಾವು ಮರೆಯಬಾರದು. ಜೇಸನ್ನನ ಹಡಗು ಆ ದಿನ ಹೊರಡದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂಬ ಹಳಹಳಿಕೆಯಿಂದ ನಾಟಕ ತೆರೆದುಕೊಳ್ಳುತ್ತದೆ. ಮೆಡೀಯಾಳ ಪೂರ್ವಕಥೆಯನ್ನು ನಮಗೆ ತಿಳಿಸುವವಳು ದಾದಿ. ಮನೆಯೊಳಗೆ ಏನೋ ಭಯಂಕರವಾದದ್ದು ಕುದಿಯುತ್ತಿದೆ ಎಂದು ಮೊದಲು ಅರಿಯುವವಳೂ ಅವಳೇ. ಮಕ್ಕಳನ್ನು ತಾಯಿಯ ಕಣ್ಣಿಗೆ ಬೀಳದಂತೆ ದೂರ ಇಡಿರೆಂದು ಎಚ್ಚರಿಸುವವಳೂ ಅವಳೇ. ಅವಳಿಗೆ ಎಲ್ಲವೂ ಗೊತ್ತು. ಆದರೆ ಯಾವುದನ್ನೂ ತಡೆಯುವ ಶಕ್ತಿ ಅವಳಿಗಿಲ್ಲ. ತಾನೇ ಎತ್ತಿ ಆಡಿಸಿ ಬೆಳೆಸಿದ ಹೆಣ್ಣು ಕಣ್ಣೆದುರಿಗೇ ನಾಶದ ಹಾದಿ ಹಿಡಿಯುವುದನ್ನು ನೋಡುತ್ತ ನಿಲ್ಲುವುದೇ ಅವಳ ಪಾಲಿಗೆ ಬಂದ ದುಃಖ.

ಈ ಪಾತ್ರಕ್ಕೆ ಜುಡಿತ್ ಅವರಿಗಿಂತ ಅರ್ಹರು ಇನ್ನಾರಿರಲು ಸಾಧ್ಯ? ಮೆಡೀಯಾ ಮುಂದೆ ಏನನ್ನು ಮಾಡಲಿದ್ದಾಳೆಂಬುದನ್ನು ದಾದಿ ಊಹಿಸಬಲ್ಲಳು. ಜುಡಿತ್ ಅದನ್ನು ನೂರಾರು ಸಂಜೆ ಸ್ವತಃ ಮಾಡಿದ್ದರು. ಮುಂದಿನ ಸಾಲು, ಅದರ ಮುಂದಿನ ಉಸಿರು, ಯಾವ ಗಳಿಗೆಯಲ್ಲಿ ಪ್ರೇಕ್ಷಕರ ಮೈ ನಡುಗುತ್ತದೆಂಬುದು, ಎಲ್ಲವೂ ಆಕೆಗೆ ಗೊತ್ತಿತ್ತು. ಅಷ್ಟೆಲ್ಲ ಗೊತ್ತಿದ್ದೂ ಆ ಸಾಲುಗಳನ್ನು ಇನ್ನೊಬ್ಬರ ಬಾಯಿಂದ ಕೇಳಿಸಿಕೊಳ್ಳುತ್ತ ರಂಗದ ಅಂಚಿನಲ್ಲಿ ನಿಲ್ಲಬೇಕು. ತನಗಾಗಿಯೇ ಬರೆದ ಮಾತುಗಳನ್ನು ಇನ್ನೊಬ್ಬರು ತಮ್ಮದೇ ರೀತಿಯಲ್ಲಿ ಹೇಳುವಾಗ, ತಲೆ ಅಲ್ಲಾಡಿಸದೆ, ತಿದ್ದಲು ಹೋಗದೆ, ಆ ಮಾತಿಗೆ ತಕ್ಕ ಪ್ರತಿಕ್ರಿಯೆಯನ್ನು ಕೊಡಬೇಕು. ಅಭಿನಯದಲ್ಲಿ ಇದಕ್ಕಿಂತ ಕಠಿಣವಾದ ಪರೀಕ್ಷೆಯನ್ನು ನಾನು ಕಲ್ಪಿಸಿಕೊಳ್ಳಲಾರೆ.

ಝೋಯಿ ಕಾಲ್ಡ್‌ವೆಲ್ ಆ ವರ್ಷದ ಟೋನಿ ಪ್ರಶಸ್ತಿಯನ್ನು ಗೆದ್ದರು. ಪೋಷಕಪಾತ್ರದ ವಿಭಾಗದಲ್ಲಿ ಜುಡಿತ್ ಅವರ ಹೆಸರೂ ಸೂಚಿತವಾಗಿತ್ತು. ಒಂದೇ ಪಾತ್ರಕ್ಕೆ 1948ರಲ್ಲಿ ಒಬ್ಬರಿಗೆ, 1982ರಲ್ಲಿ ಇನ್ನೊಬ್ಬರಿಗೆ ಅದೇ ಪ್ರಶಸ್ತಿ, ಇಬ್ಬರೂ ಆಸ್ಟ್ರೇಲಿಯಾದವರು, ಎರಡನೆಯವರು ಗೆದ್ದಾಗ ಮೊದಲನೆಯವರು ಅದೇ ರಂಗದ ಮೇಲಿದ್ದರು. ರಂಗಭೂಮಿಯ ಇತಿಹಾಸದಲ್ಲಿ ಇಂಥ ಪ್ರಸಂಗಗಳು ಅಪರೂಪ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು, 85 ವರ್ಷದ ನಟಿಗೆ ಬೇರೆ ಯಾವ ಪಾತ್ರ ಸಿಕ್ಕೀತು, ಸಿಕ್ಕಿದ್ದನ್ನು ಆಕೆ ಒಪ್ಪಿಕೊಂಡರು, ಅದರಲ್ಲಿ ಔದಾರ್ಯವೇನು ಬಂತು ಎಂಬುದು. ಎರಡನೆಯದು, ಹಳೆಯ ನಾಯಕಿಯನ್ನು ಹೊಸ ನಾಯಕಿಯ ಪಕ್ಕದಲ್ಲಿ ನಿಲ್ಲಿಸುವುದು ಟಿಕೆಟ್ ಮಾರಲು ಒಳ್ಳೆಯ ಉಪಾಯ ಎಂಬುದು. ಎರಡರಲ್ಲಿಯೂ ಸ್ವಲ್ಪ ಸತ್ಯವಿರಬಹುದು. ಆಕೆಯ ಮನಸ್ಸಿನೊಳಗೆ ಏನಿತ್ತೆಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಒಪ್ಪಿಕೊಳ್ಳದೆ ಇರುವ ಸ್ವಾತಂತ್ರ್ಯ ಆಕೆಗೆ ಪೂರ್ಣವಾಗಿ ಇತ್ತು. ‘ಡೇಮ್’ ಎನಿಸಿಕೊಂಡವರು, ಮನೆಯಲ್ಲಿ ಕುಳಿತು ಹಳೆಯ ಕೀರ್ತಿಯನ್ನು ಕಾಪಾಡಿಕೊಳ್ಳಬಹುದಾಗಿತ್ತು. ‘ನಾನಿಲ್ಲದ ಮೆಡೀಯಾ ಎಂಥ ಮೆಡೀಯಾ’ ಎಂದು ಮೂಗು ಮುರಿಯಬಹುದಾಗಿತ್ತು. ಹೋಲಿಕೆಗೆ ಒಡ್ಡಿಕೊಳ್ಳುವ ಅಪಾಯವೂ ಇತ್ತು. ಆ ಅಪಾಯವನ್ನು ತಿಳಿದೇ ಆಕೆ ರಂಗಕ್ಕೆ ಬಂದರು. ಕಾರಣ ಏನೇ ಇರಲಿ, ಕಾರ್ಯ ದೊಡ್ಡದು.

ಶಾಲೆಯ ವಾರ್ಷಿಕೋತ್ಸವಗಳಿಗಾಗಿ ನಾನು ಬಹಳ ವರ್ಷ ಮಕ್ಕಳಿಂದ ನಾಟಕಗಳನ್ನು ಆಡಿಸಿದ್ದೇನೆ. ಪಾತ್ರಗಳನ್ನು ಹಂಚಿದ ಮರುದಿನ ಯಾರಾದರೊಬ್ಬ ತಂದೆಯೋ ತಾಯಿಯೋ ಬಂದೇ ಬರುತ್ತಿದ್ದರು. “ಮೇಷ್ಟ್ರೇ, ನಮ್ಮ ಹುಡುಗಿ ಹೋದ ವರ್ಷ ರಾಣಿ ಆಗಿದ್ದಳಲ್ಲ, ಈ ಸಲ ಅವಳಿಗೆ ಸಖಿಯ ಪಾತ್ರ ಯಾಕೆ ಕೊಟ್ಟಿರಿ?” ಎಂಬ ಪ್ರಶ್ನೆ. ಹೋದ ವರ್ಷ ಚೆನ್ನಾಗಿ ಮಾಡಿದ್ದಾಳೆ, ಅದಕ್ಕೇ ಈ ಸಲ ಸಖಿ ಮಾಡಿದ್ದೇನೆ, ರಾಣಿಯ ಮಾತು ಮರೆತುಹೋದರೆ ಎತ್ತಿಕೊಡಲು ಪಕ್ಕದಲ್ಲಿ ಬಲ್ಲವರು ಒಬ್ಬರು ಬೇಕಲ್ಲ ಎಂದು ನಾನು ಉತ್ತರಿಸುತ್ತಿದ್ದೆ. ಕೆಲವರು ನಗುತ್ತ ಹೋಗುತ್ತಿದ್ದರು. ಕೆಲವರು ಮುಖ ಗಂಟು ಹಾಕಿಕೊಂಡು ಹೋಗುತ್ತಿದ್ದರು. ಮಕ್ಕಳು ಮಾತ್ರ ಎರಡು ದಿನದಲ್ಲಿ ಎಲ್ಲವನ್ನೂ ಮರೆತು ಸಖಿಯ ಸೆರಗು ಸರಿಮಾಡಿಕೊಳ್ಳುವುದರಲ್ಲಿ ಮಗ್ನರಾಗುತ್ತಿದ್ದರು. ದೊಡ್ಡವರಿಗೆ ಕಷ್ಟವಾದದ್ದು ಮಕ್ಕಳಿಗೆ ಸುಲಭವಾಗಿತ್ತು. ಬೆಳೆಯುತ್ತ ಬೆಳೆಯುತ್ತ ನಾವು ಈ ವಿದ್ಯೆಯನ್ನು ಕಳೆದುಕೊಳ್ಳುತ್ತೇವೆಯೇ ಎಂಬ ಅನುಮಾನ ನನಗಿದೆ.

ಸುತ್ತಲೂ ನೋಡಿದರೆ ಅನುಮಾನ ಬಲವಾಗುತ್ತದೆ. ಎಂಬತ್ತು ದಾಟಿದರೂ ಸಂಘದ ಅಧ್ಯಕ್ಷಸ್ಥಾನವನ್ನು ಬಿಡದವರಿದ್ದಾರೆ. ಮನೆಯ ಬೀಗದ ಕೈ ಗೊಂಚಲನ್ನು ಸೊಸೆಗೆ ಕೊಟ್ಟು, ಮರುಗಳಿಗೆಯಿಂದಲೇ ಉಪ್ಪು ಹೆಚ್ಚಾಯಿತು, ಹುಳಿ ಕಡಿಮೆಯಾಯಿತು ಎಂದು ತಪ್ಪೆಣಿಸುವವರಿದ್ದಾರೆ. ನಿವೃತ್ತಿಯ ಮೇಲೂ ಹಳೆಯ ಕಛೇರಿಗೆ ಹೋಗಿ, ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಎಂದು ಹೊಸಬರ ಉತ್ಸಾಹಕ್ಕೆ ತಣ್ಣೀರೆರಚುವವರಿದ್ದಾರೆ. ಇವರಾರೂ ಕೆಟ್ಟವರಲ್ಲ. ತಮ್ಮ ಪಾತ್ರವನ್ನು ತಾವು ಎಂದುಕೊಂಡವರು, ಅಷ್ಟೆ. ಪಾತ್ರ ಹೋದರೆ ತಾನೂ ಇಲ್ಲವಾಗುತ್ತೇನೆಂಬ ಭಯ ಅವರನ್ನು ಹಿಡಿದಿಟ್ಟಿದೆ. ಆ ಭಯ ನಿಜವಾದದ್ದು, ಅದನ್ನು ಹಗುರವಾಗಿ ಕಾಣುವುದು ಸಲ್ಲದು. ಆದರೆ ಪಾತ್ರ ಹೋದ ಮೇಲೂ ನಟಿ ಉಳಿಯುತ್ತಾಳೆಂಬುದನ್ನು ಜುಡಿತ್ ತೋರಿಸಿಕೊಟ್ಟರು.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಸ್ಥಾನ ಬಿಟ್ಟುಕೊಡುವುದು ಬೇರೆ, ಮೂಲೆಗುಂಪಾಗುವುದು ಬೇರೆ. ‘ನಿಮಗೆ ವಯಸ್ಸಾಯಿತು, ಇನ್ನು ಸುಮ್ಮನೆ ಕುಳಿತುಕೊಳ್ಳಿ’ ಎಂದು ಹಿರಿಯರನ್ನು, ಅದರಲ್ಲಿಯೂ ವಯಸ್ಸಾದ ಹೆಣ್ಣುಮಕ್ಕಳನ್ನು, ಬದಿಗೆ ಸರಿಸುವವರಿಗೆ ನನ್ನ ಮಾತು ಆಯುಧವಾಗಬಾರದು. ಜುಡಿತ್ ಬದಿಗೆ ಸರಿದರು, ಆದರೆ ರಂಗದಿಂದ ಇಳಿಯಲಿಲ್ಲ. 1984ರಲ್ಲಿ, 87ನೆಯ ವಯಸ್ಸಿನಲ್ಲಿ, ‘ಸ್ಟಾರ್ ಟ್ರೆಕ್’ ಸರಣಿಯ ಮೂರನೆಯ ಚಿತ್ರದಲ್ಲಿ ಅನ್ಯಗ್ರಹದ ಪೂಜಾರಿಣಿಯಾಗಿ ಕಾಣಿಸಿಕೊಂಡರು. ಅದೇ ವರ್ಷ ‘ಸಾಂತಾ ಬಾರ್ಬರಾ’ ಎಂಬ ದೂರದರ್ಶನ ಧಾರಾವಾಹಿಯಲ್ಲಿ ಅಜ್ಜಿಯ ಪಾತ್ರವನ್ನು ಹಿಡಿದರು. ಯೂರಿಪಿಡೀಸನನ್ನು ಆಡಿದವರು ಧಾರಾವಾಹಿಗೆ ಇಳಿದರಲ್ಲಾ ಎಂದು ಮರುಗುವವರು ಇದ್ದಾರು. ನಾನು ಮರುಗುವುದಿಲ್ಲ. ಕೆಲಸ ಮಾಡುವ ಶಕ್ತಿ ಇರುವವರೆಗೆ, ಸಿಕ್ಕ ಕೆಲಸವನ್ನು ಶ್ರದ್ಧೆಯಿಂದ ಮಾಡುವುದು ಯಾವ ವೃತ್ತಿಯಲ್ಲಿಯೂ ಅವಮಾನವಲ್ಲ.

ಆದ್ದರಿಂದ ಇಬ್ಬರಿಗೂ ಹೊಣೆಯಿದೆ. ಇಳಿಯುವವರು ಇಳಿಯಲು ಕಲಿಯಬೇಕು. ಏರುವವರು, ಇಳಿದವರಿಗೆ ನಿಲ್ಲಲು ಜಾಗ ಕೊಡಬೇಕು. ವೈಟ್‌ಹೆಡ್ ಮತ್ತು ಕಾಲ್ಡ್‌ವೆಲ್ ದಂಪತಿಗಳು ಆ ಮುದುಕಿಗೆ ಸನ್ಮಾನಮಾಡಿ, ಶಾಲು ಹೊದಿಸಿ, ಮೊದಲ ಸಾಲಿನ ಕುರ್ಚಿಯಲ್ಲಿ ಕೂರಿಸಿ ಕೈತೊಳೆದುಕೊಳ್ಳಬಹುದಾಗಿತ್ತು. ನಮ್ಮಲ್ಲಿ ಸಾಮಾನ್ಯವಾಗಿ ಆಗುವುದು ಅದೇ. ಅವರು ಆಕೆಗೆ ಕೆಲಸ ಕೊಟ್ಟರು, ನಾಟಕದ ಮೊದಲ ಮಾತನ್ನೇ ಕೊಟ್ಟರು. ತಾನು ಹಿಂದೊಮ್ಮೆ ಯಾರನ್ನು ನೋಡಿ ಕಲಿತೆನೋ ಅವರ ಎದುರಿಗೇ ಪ್ರತಿ ಸಂಜೆ ಅದೇ ಪಾತ್ರವನ್ನು ಆಡಲು ಕಾಲ್ಡ್‌ವೆಲ್ ಅವರಿಗೂ ಎದೆಗಾರಿಕೆ ಬೇಕಾಗಿತ್ತು. ಗೌರವವೆಂದರೆ ಹಾರ ಹಾಕುವುದಕ್ಕಿಂತ ಹೆಚ್ಚಾಗಿ ಜೊತೆಗೆ ನಿಲ್ಲಿಸಿಕೊಳ್ಳುವುದು ಎಂಬುದನ್ನು ಆ ದಂಪತಿಗಳಿಂದ ನಾವು ಕಲಿಯಬಹುದು.

1991ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಜುಡಿತ್ ಅವರಿಗೆ ತನ್ನ ಉನ್ನತ ನಾಗರಿಕ ಗೌರವವಾದ ‘ಕಂಪ್ಯಾನಿಯನ್ ಆಫ್ ದ ಆರ್ಡರ್ ಆಫ್ ಆಸ್ಟ್ರೇಲಿಯಾ’ ಬಿರುದನ್ನು ನೀಡಿತು. 1992ರ ಜನವರಿ 3ರಂದು, ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ, 94 ವರ್ಷಗಳ ತುಂಬುಬಾಳನ್ನು ಮುಗಿಸಿ ಆಕೆ ತೀರಿಕೊಂಡರು. ಎರಡು ಬಾರಿ ಮದುವೆಯಾದರೂ ಮಕ್ಕಳಿರಲಿಲ್ಲ. ಕಾಲ್ಡ್‌ವೆಲ್ 1996ರಲ್ಲಿ ‘ಮಾಸ್ಟರ್ ಕ್ಲಾಸ್’ ನಾಟಕಕ್ಕಾಗಿ ನಾಲ್ಕನೆಯ ಟೋನಿ ಪ್ರಶಸ್ತಿಯನ್ನು ಪಡೆದರು. ಆ ನಾಟಕದಲ್ಲಿ ಅವರದು, ಹಾಡುವುದನ್ನು ಬಿಟ್ಟ ಮೇಲೆ ಶಿಷ್ಯರಿಗೆ ಪಾಠ ಹೇಳುವ ಗಾಯಕಿ ಮರಿಯಾ ಕ್ಯಾಲಸ್ ಪಾತ್ರ. 2020ರ ಫೆಬ್ರವರಿಯಲ್ಲಿ ಅವರೂ ಕಣ್ಮರೆಯಾದರು.

ಮೆಡೀಯಾಳ ಪಾತ್ರವನ್ನು ಈಗ ಬೇರೆ ನಟಿಯರು ಆಡುತ್ತಿದ್ದಾರೆ, ಮುಂದೆಯೂ ಆಡುತ್ತಾರೆ. ಎರಡೂವರೆ ಸಾವಿರ ವರ್ಷ ಬಾಳಿದ ಪಾತ್ರಕ್ಕೆ ಯಾವ ನಟಿಯೂ ಅನಿವಾರ್ಯಳಲ್ಲ. ಹಾಗೆಯೇ ಶಾಲೆಗೆ ಯಾವ ಉಪಾಧ್ಯಾಯನೂ, ಮನೆಗೆ ಯಾವ ಯಜಮಾನನೂ ಅನಿವಾರ್ಯನಲ್ಲ. ಇದು ಕಹಿಯಾದ ಮಾತೆಂದು ಬಹಳ ಜನ ತಿಳಿದಿದ್ದಾರೆ. ನನಗೆ ಇದರಲ್ಲಿ ಒಂದು ಸಮಾಧಾನ ಕಾಣುತ್ತದೆ. ನಾವು ಪ್ರೀತಿಸಿದ ಕೆಲಸ ನಮ್ಮೊಂದಿಗೇ ಮುಗಿದುಹೋಗುವುದಿಲ್ಲ ಎಂದಲ್ಲವೇ ಇದರ ಅರ್ಥ? ಅದನ್ನು ಮುಂದಿನವರು ಚೆನ್ನಾಗಿ ಮಾಡುವುದನ್ನು ಕಣ್ಣಾರೆ ನೋಡುವ, ಅವರಿಗೆ ಮೊದಲ ಮಾತನ್ನು ಎತ್ತಿಕೊಡುವ ಭಾಗ್ಯ ಕೆಲವರಿಗಷ್ಟೇ ಸಿಗುತ್ತದೆ. ಸಿಕ್ಕಾಗ ಅದನ್ನು ಸಣ್ಣ ಪಾತ್ರವೆಂದು ತಳ್ಳಿಹಾಕದೆ ಎರಡೂ ಕೈಗಳಿಂದ ಸ್ವೀಕರಿಸಬೇಕು.